ಯಾರ ಕಿವಿಗೆ ಶ್ರುತಿ?

ಈ ಸಲದ ಪ್ರಶ್ನೆ ಕಾರಿನ ಹೊಗೆ ಕೊಳವೆಯಿಂದ ಶುರುವಾಗುತ್ತೆ. ಊರಲ್ಲಿ ನಾವು ‘ಸೈಲೆನ್ಸರ್’ ಅಂತೀವಿ, ಇಲ್ಲಿ ಅಮೆರಿಕದಲ್ಲಿ ‘ಮಫ್ಲರ್’. ಕಂಪನಿ ಕೊಟ್ಟದ್ದನ್ನು ತೆಗೆಸಿ ಹೊರಗಿನ ಅಂಗಡಿಯಲ್ಲಿ ಬೇರೆ ಎಕ್ಸಾಸ್ಟ್ ಹಾಕಿಸುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರೋದು ಸದ್ದು. ಬರೀ ಜೋರು ಸದ್ದಲ್ಲ, ಚೆಂದದ ಸದ್ದು. ಅದನ್ನು ತಿದ್ದುವ ಭಾಗದ ಹೆಸರು ರೆಸೊನೇಟರ್. ಅದು ಏನನ್ನು ತೆಗೆಯುತ್ತೆ, ಏನನ್ನು ಉಳಿಸುತ್ತೆ ಅಂತ ನೋಡಿದರೆ ನೆರೆಹೊರೆಯ ಬಗ್ಗೆ ಒಂದು ನೈತಿಕ ಪ್ರಶ್ನೆ ಎದುರಾಗುತ್ತೆ.

ಮೊದಲು ಲೆಕ್ಕ. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಪ್ರತಿ ಸುತ್ತಿಗೆ ಎರಡು ಸಲ ಇಂಧನ ಉರಿಯುತ್ತೆ. ನಿಮಿಷಕ್ಕೆ 3000 ಸುತ್ತು ಅಂದರೆ ಸೆಕೆಂಡಿಗೆ 100 ಬಡಿತ, ಅಂದರೆ 100 ಹರ್ಟ್ಸ್. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಈ ತಗ್ಗು ಸ್ವರ ಕಾರಿನ ಒಳಗೆ ಗುಂಯ್ ಅಂತ ಒಂದೇ ಸಮನೆ ಮೊರೆಯುತ್ತೆ. ಕಾರುಪ್ರಿಯರು ಇದನ್ನು ‘ಡ್ರೋನ್’ ಅಂತಾರೆ. ಸ್ವಲ್ಪ ಹೊತ್ತಿಗೆ ತಲೆ ಸಿಡಿಯೋಕೆ ಶುರುವಾಗುತ್ತೆ.

ಇದಕ್ಕೆ ಮದ್ದು ಇದೆ. ಮುಖ್ಯ ಕೊಳವೆಯ ಪಕ್ಕಕ್ಕೆ, ತುದಿ ಮುಚ್ಚಿದ ಇನ್ನೊಂದು ಕೊಳವೆಯನ್ನು ವೆಲ್ಡ್ ಮಾಡ್ತಾರೆ. ಅದರೊಳಗೆ ಹೋದ ಅಲೆ ಮುಚ್ಚಿದ ತುದಿಗೆ ಬಡಿದು ವಾಪಸ್ ಬರುತ್ತೆ. ಕೊಳವೆಯ ಉದ್ದ ಅಲೆಯ ಕಾಲುಭಾಗದಷ್ಟಿದ್ದರೆ, ವಾಪಸ್ ಬಂದ ಅಲೆಯ ಉಬ್ಬಿಗೆ ಹೊಸ ಅಲೆಯ ತಗ್ಗು ಸಿಕ್ಕಿ ಎರಡೂ ಅಳಿಸಿಹೋಗುತ್ತವೆ. 100 ಹರ್ಟ್ಸ್‌ಗೆ ಸುಮಾರು ಒಂದು ಮೀಟರ್ ಉದ್ದ ಬೇಕು. ಇನ್ನೊಂದು ಬಗೆ, ಕಿರಿದಾದ ಕತ್ತಿನ ಡಬ್ಬಿ. ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಒಂದೇ ಸ್ವರ ಬರುತ್ತಲ್ಲ, ಅದೇ ತತ್ವ. ಮೂರನೆಯದರಲ್ಲಿ ತೂತು ಕೊರೆದ ಕೊಳವೆಯ ಸುತ್ತ ಗಾಜಿನ ನಾರು ತುಂಬಿರುತ್ತೆ, ಅದು ಎತ್ತರದ ಕರ್ಕಶ ಸ್ವರಗಳನ್ನು ಹೀರುತ್ತೆ. ಒಟ್ಟು ಸದ್ದನ್ನು ಇಳಿಸೋದು ಮುಖ್ಯವಾಗಿ ಮಫ್ಲರಿನ ಕೆಲಸ. ರೆಸೊನೇಟರ್ ಆರಿಸಿ ತೆಗೆಯುತ್ತೆ.

ಹಾಗಾದರೆ ಆರಿಸೋದು ಯಾರು?

ನನ್ನ ದಿನದ ಕೆಲಸ ಡೇಟಾ ಸೈನ್ಸ್. ಅಲ್ಲಿ ಒಂದು ಮಾಡೆಲ್‌ಗೆ ಯಾವ ನಷ್ಟವನ್ನು ಕಡಿಮೆ ಮಾಡು ಅಂತ ಹೇಳ್ತೀವೋ ಅದನ್ನಷ್ಟೇ ಕಡಿಮೆ ಮಾಡುತ್ತೆ. ಲೆಕ್ಕಕ್ಕೆ ಸೇರದವರ ನಷ್ಟ ಅದಕ್ಕೆ ಸೊನ್ನೆ. ಆ ಪಕ್ಕದ ಕೊಳವೆಯೂ ಹಾಗೇ. ಹೈವೇ ವೇಗದ ಆ ಒಂದು ಸ್ವರವನ್ನು ಅದು ಅಳಿಸುತ್ತೆ, ಯಾಕಂದ್ರೆ ಅದು ಓಡಿಸುವವರ ತಲೆನೋವು. ಬೆಳಗಿನ ಜಾವ ಸ್ಟಾರ್ಟ್ ಮಾಡುವಾಗ, ಸಿಗ್ನಲ್‌ನಿಂದ ಜೋರಾಗಿ ಎಳೆಯುವಾಗ ಬರೋದು ಬೇರೆ ಸ್ವರಗಳು. ಅವು ಹಾಗೇ ಉಳಿಯುತ್ತವೆ. ಅವನ್ನು ಕೇಳೋದು ಎದುರುಮನೆಯ ಕೂಸು, ನೈಟ್ ಶಿಫ್ಟ್ ಮುಗಿಸಿ ಆಗಷ್ಟೇ ಮಲಗಿದ ನರ್ಸ್.

ಸದ್ದಿನ ಖುಷಿ ಸುಳ್ಳು ಅಂತ ನಾನು ಹೇಳ್ತಿಲ್ಲ. ವೀಣೆಯ ಬುರುಡೆಗೆ ಕಿವಿಗೊಟ್ಟವರಿಗೆ ಎಂಜಿನ್ನಿನ ನಾದ ಹಿಡಿಸೋದರಲ್ಲಿ ಆಶ್ಚರ್ಯವೇನಿಲ್ಲ. “ಕ್ಯಾಲಿಫೋರ್ನಿಯಾದ ಮಿತಿ 95 ಡೆಸಿಬೆಲ್, ನನ್ನದು ಅದರೊಳಗೇ ಇದೆ ಅಂಕಲ್” ಅಂತ ಇಲ್ಲೇ ಹುಟ್ಟಿ ಬೆಳೆದ ಹುಡುಗನೊಬ್ಬ ನನಗೆ ಹೇಳಿದ. ಅವನು ಅಷ್ಟಕ್ಕೇ ನಿಲ್ಲಲಿಲ್ಲ: “ನಿಮ್ಮ ರಾಜ್ಯೋತ್ಸವದ ಡೊಳ್ಳು ಮಾತ್ರ ಪರವಾಗಿಲ್ವಾ?”

ಒಳ್ಳೇ ಪ್ರಶ್ನೆ. ಡೊಳ್ಳೂ ಜೋರೇ. ಆದರೆ ಪಾರ್ಕಿನಲ್ಲಿ ಡೊಳ್ಳು ಬಾರಿಸೋಕೆ ಮೊದಲು ಅನುಮತಿ ಪಡೀತೀವಿ, ಮುಗಿಸುವ ಸಮಯ ಹೇಳಿರ್ತೀವಿ, ಯಾರಾದರೂ ಬಂದು ದೂರಿದರೆ ಉತ್ತರ ಕೊಡೋಕೆ ಅಲ್ಲೇ ಒಬ್ಬರು ನಿಂತಿರ್ತಾರೆ. ರಾತ್ರಿ ಹನ್ನೊಂದಕ್ಕೆ ಬೀದಿ ದಾಟಿಹೋದ ಕಾರನ್ನು ಯಾರೂ ಹಿಂದೆ ಕರೆದು ಮಾತಾಡಿಸೋಕೆ ಆಗಲ್ಲ. ವ್ಯತ್ಯಾಸ ಡೆಸಿಬೆಲ್‌ನಲ್ಲಿಲ್ಲ, ಉತ್ತರ ಕೊಡೋಕೆ ಸಿಗ್ತೀವಾ ಅನ್ನೋದರಲ್ಲಿದೆ. ಕಾನೂನು ಹೇಳೋದು ಎಷ್ಟು ಸದ್ದು ಮಾಡಬಹುದು ಅಂತ ಮಾತ್ರ. ಯಾರನ್ನು ಲೆಕ್ಕಕ್ಕೆ ಸೇರಿಸಿಕೊಂಡೆ ಅನ್ನೋದು ನಮಗೆ ಬಿಟ್ಟದ್ದು.

ಸೇರಿಸಿಕೊಂಡರೆ ದಾರಿ ಸಿಗುತ್ತೆ. ಫೋರ್ಡ್ ಕಂಪನಿಯ ಎಂಜಿನಿಯರ್ ಒಬ್ಬರು ಮನೆಮುಂದೆ ತಮ್ಮ ಮಸ್ಟಾಂಗ್ ಸ್ಟಾರ್ಟ್ ಮಾಡಿದಾಗ ನೆರೆಯವರು ಪೊಲೀಸರನ್ನು ಕರೆಸಿದ್ದರಂತೆ. ಆಮೇಲೆ 2018ರ ಮಸ್ಟಾಂಗ್‌ನಲ್ಲಿ ಒಂದು ಸೌಲಭ್ಯ ಬಂತು. ನೀವು ಗೊತ್ತುಮಾಡಿದ ಹೊತ್ತಿನಲ್ಲಿ ಕಾರು ಮೆಲ್ಲಗೆ ಸ್ಟಾರ್ಟ್ ಆಗುತ್ತೆ, ಸುಮಾರು 10 ಡೆಸಿಬೆಲ್ ಕಡಿಮೆ ಸದ್ದಿನಲ್ಲಿ. ನಮ್ಮ ಕಿವಿಗೆ ಅದು ಹತ್ತಿರಹತ್ತಿರ ಅರ್ಧ ಸದ್ದು. ಅದಕ್ಕೆ ಅವರಿಟ್ಟ ಹೆಸರೇ ‘ಗುಡ್ ನೇಬರ್ ಮೋಡ್’. ಕಾರಿನ ಖುಷಿ ಹೋಗಲಿಲ್ಲ, ನೆರೆಯವರು ಲೆಕ್ಕಕ್ಕೆ ಬಂದರು.

ಹಾಗಾಗಿ ಹೊಸ ಎಕ್ಸಾಸ್ಟ್ ಹಾಕಿಸಿದ ದಿನ ಒಂದು ಕೆಲಸ ಮಾಡಿ. ಕೀಲಿಯನ್ನು ಗೆಳೆಯರ ಕೈಗೆ ಕೊಟ್ಟು, ನೀವು ರಸ್ತೆ ದಾಟಿ ಎದುರುಮನೆಯ ಮುಂದೆ ನಿಂತು ಕೇಳಿ. ಅಲ್ಲಿಂದಲೂ ಚೆಂದ ಅನಿಸಿದರೆ, ಆ ಮನೆಯವರನ್ನೂ ಒಂದು ಮಾತು ಕೇಳಿಬಿಡಿ.