ಇಂದಿನ ಧಮ್ಮ ಚಿಂತನೆ: ಗಳಿಗೆಯಲ್ಲಿ ದೋಷವಿಲ್ಲ



ನನ್ನ ಮೊಮ್ಮಗಳು ಹುಟ್ಟಿದ ಹೊಸದರಲ್ಲಿ ಹಗಲೆಲ್ಲ ಮಲಗಿ, ರಾತ್ರಿಯೆಲ್ಲ ಅಳುತ್ತಿದ್ದಳು. "ಹುಟ್ಟಿದ ಗಳಿಗೆ ಸರಿಯಿಲ್ಲ, ಶಾಂತಿ ಮಾಡಿಸಿ" ಅಂದರು ನೆರೆಯವರು. ದೀಕ್ಷೆ ಪಡೆದ ನಾನೂ ಒಂದು ಕ್ಷಣ ಅಳುಕಿದೆ. ಆಮೇಲೆ ಕಾರಣ ಹುಡುಕಿದೆ.

ನಮ್ಮ ಮಿದುಳಿನಲ್ಲಿ ಸುಮಾರು 20,000 ನರಕೋಶಗಳ ಪುಟ್ಟ ಗಡಿಯಾರವಿದೆ. ಗರ್ಭದಲ್ಲಿದ್ದಾಗ ಕೂಸಿಗೆ ತಾಯಿಯ ಮೆಲಟೋನಿನ್ ರಾತ್ರಿಯ ಸುಳಿವು ಕೊಡುತ್ತದೆ. ಹುಟ್ಟಿದ ಮೇಲೆ ಕಣ್ಣಿಗೆ ಬೀಳುವ ಬೆಳಕೇ ಅದರ ಗುರು. ಲಯ ಕೂಡಿಬರಲು ಸಾಮಾನ್ಯವಾಗಿ 2-3 ತಿಂಗಳು ಬೇಕು.

ಹಗಲು ಬೆಳಕಿನಲ್ಲಿ ಆಡಿಸಿದೆವು, ರಾತ್ರಿ ದೀಪ ಆರಿಸಿದೆವು, ಕಾದೆವು. ಮೂರನೇ ತಿಂಗಳಿಗೆ ರಾತ್ರಿ ನಿದ್ದೆ ಹತ್ತಿತು.

ಇದೇ ಪ್ರತೀತ್ಯ ಸಮುತ್ಪಾದ: ಕಾರಣಗಳು ಕೂಡಿದರೆ ಫಲ. ಹುಟ್ಟಿನಲ್ಲೇ ದೋಷ ಹುಡುಕುವವರನ್ನು ನಾವು ಚೆನ್ನಾಗಿ ಬಲ್ಲೆವು. ಅದನ್ನು ಬಿಟ್ಟು ಬರಲೆಂದೇ ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ದಾರಿ ತೋರಿದರು. ನಮ್ಮ ತೊಟ್ಟಿಲ ಬಳಿಗೆ ಅದು ಮತ್ತೆ ಬಾರದಿರಲಿ.

ಜೈ ಭೀಮ್ 🙏