ಬೂಷ್ಟು ಹಿಡಿದ ಬೊಂಬೆಗಳು

ಜಡವಸ್ತುವೊಂದರ ರಕ್ಷಣೆಗಾಗಿ ಸೂಕ್ಷ್ಮಜೀವಿಗಳನ್ನು ಅಳಿಸುವುದು ಶ್ರಾವಕನಿಗೆ ಒಪ್ಪುವ ಕಾರ್ಯವೇ? ಶಾಸ್ತ್ರಭಂಡಾರದ ತಾಳೆಗರಿಗಳ ವಿಷಯದಲ್ಲಿ ಈ ಪ್ರಶ್ನೆ ಎದ್ದರೆ ಜಿನವಾಣಿಯ ಸಂರಕ್ಷಣೆ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಆದರೆ ಆ ವಸ್ತು ಕೇವಲ ಬೊಂಬೆಯಾಗಿದ್ದರೆ? ಇದನ್ನು ನನಗೆ ಕೇಳಿದವರು ಪಂಡಿತರಲ್ಲ, ನನ್ನ ದೊಡ್ಡಮ್ಮ.

2019ರ ಆಗಸ್ಟ್ ತಿಂಗಳಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗಿನ ಬೀದಿಗಳಿಗೆ ನುಗ್ಗಿದಾಗ ಅವರ ನಡುಮನೆಯಲ್ಲಿ ಮೊಣಕಾಲೆತ್ತರ ನೀರು ನಿಂತಿತ್ತು. ಮಂಚದ ಕೆಳಗಿನ ಮರದ ಪೆಟ್ಟಿಗೆಯಲ್ಲಿ ಮೂರು ತಲೆಮಾರಿನವರು ಕೂಡಿಸಿದ ಬೊಂಬೆಗಳಿದ್ದವು. ತವರಿನಿಂದ ಬಂದ ರಕ್ತಚಂದನದ ಪಟ್ಟದ ಬೊಂಬೆಗಳು, ಮಣ್ಣಿನ ಶೆಟ್ಟರು ಮತ್ತು ಅವರ ಹೆಂಡತಿ, ಚನ್ನಪಟ್ಟಣದ ಅರಗಿನ ಆಟಿಕೆಗಳು, ಕಿನ್ನಾಳದ ಒಂದು ಆನೆ, ಪಿಂಗಾಣಿ ಮುಖದ ಒಂದು ವಿದೇಶೀ ಬೊಂಬೆ. ನೀರು ಇಳಿದ ಮೇಲೂ ನಾಲ್ಕು ದಿನ ಅವರು ಆ ಪೆಟ್ಟಿಗೆಯನ್ನು ತೆರೆಯಲಿಲ್ಲ. ಬೀದಿಯವರಿಗೆಲ್ಲ ಮಹಡಿಯ ಮೇಲಿನ ಒಲೆಯಲ್ಲಿ ಅನ್ನ ಬೇಯಿಸುತ್ತಿದ್ದರು. ಐದನೆಯ ದಿನ ನಾನು ಹೋದಾಗ ಮುಚ್ಚಳ ತೆಗೆದರು. ಒಳಗೆಲ್ಲ ಬೂದು-ಹಸುರು ಬೂಷ್ಟು.

“ಏನಪ್ಪಾ, ಒರೆಸಿದರೆ ಹಿಂಸೆ, ಬಿಟ್ಟರೆ ಇನ್ನಷ್ಟು ಬೆಳೆಯುತ್ತದೆ. ಪಕ್ಕದ ಮನೆಯವರ ರಾಗಿಯೆಲ್ಲ ನೀರುಪಾಲಾಗಿರುವಾಗ ನಾನು ಬೊಂಬೆಗಳಿಗಾಗಿ ಅಳುತ್ತಿದ್ದೇನೆ. ಇದು ಮೂರ್ಛೆಯಲ್ಲವೇನೋ?” ಎಂದರು.

ಬೂಷ್ಟನ್ನು ನಮ್ಮ ಆಗಮಪರಂಪರೆ ಅನಂತಜೀವಗಳಿಗೆ ಆಶ್ರಯವಾದ ಸಾಧಾರಣ ವನಸ್ಪತಿ ಎಂದೇ ಎಣಿಸುತ್ತದೆ. ಆದುದರಿಂದ ದೊಡ್ಡಮ್ಮನ ಅಳುಕು ನಕ್ಕು ತಳ್ಳುವಂಥದಲ್ಲ. ಗೃಹಸ್ಥನ ಮನೆವಾರ್ತೆಯಲ್ಲಿ ಅನಿವಾರ್ಯವಾಗುವ ಹಿಂಸೆಯನ್ನು ಆರಂಭೀ ಹಿಂಸೆಯೆಂದು ಕರೆದು, ಅದನ್ನು ಕೊಲ್ಲಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯಿಂದ ಬೇರ್ಪಡಿಸಿರುವುದೂ ನಿಜವೇ. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯನ್ನು ನಿರೂಪಿಸುವಾಗ ಪ್ರಮಾದವನ್ನು ಅದರ ಮೂಲದಲ್ಲಿ ಇರಿಸಿದ್ದಾರೆ ಎಂಬುದನ್ನು ಮರೆಯಲಾಗದು. ನೆನೆದ ವಸ್ತುವಿನಲ್ಲಿ ಸಾಮಾನ್ಯವಾಗಿ 24ರಿಂದ 48 ಗಂಟೆಗಳೊಳಗೆ ಬೂಷ್ಟು ಮೊಳೆಯತೊಡಗುತ್ತದೆ. ಅಷ್ಟರೊಳಗೆ ಒಣಗಿಸಿದವನು ಬೊಂಬೆಯನ್ನು ಉಳಿಸುವುದರ ಜೊತೆಗೆ ಅಳಿಸಬೇಕಾದ ಜೀವಗಳು ಹುಟ್ಟುವ ಪ್ರಸಂಗವನ್ನೇ ತಪ್ಪಿಸುತ್ತಾನೆ. ಮಳೆಗಾಲಕ್ಕೆ ಮೊದಲು ಬೇಳೆ-ಹಪ್ಪಳಗಳನ್ನು ಒಣಗಿಸಿಡುತ್ತಿದ್ದ ನಮ್ಮ ತಾಯಂದಿರು ಇದನ್ನು ಯಾವ ಗ್ರಂಥವನ್ನೂ ತೆರೆಯದೆ ಬಲ್ಲವರಾಗಿದ್ದರು. ದೊಡ್ಡಮ್ಮನ ನಾಲ್ಕು ದಿನದ ವಿಳಂಬವನ್ನು ಪ್ರಮಾದವೆನ್ನಲು ಮಾತ್ರ ನನಗೆ ನಾಲಗೆ ಬಾರದು.

ಕೆಲಸಕ್ಕೆ ಕುಳಿತೆವು. ಮರವನ್ನೂ ಅರಗನ್ನೂ ಬಿಸಿಲಿಗಿಡಬಾರದು; ಮರ ಬೇಗನೆ ಒಣಗಿ ಸೀಳುತ್ತದೆ, ಅರಗು ಮೆತ್ತಗಾಗುತ್ತದೆ. ಅರಗಿನ ಆಟಿಕೆಯನ್ನು ಸ್ಪಿರಿಟ್ಟಿನಿಂದ ಒರೆಸಿದರೆ ಬಣ್ಣದ ಹೊದಿಕೆಯೇ ಕರಗಿ ಬರುತ್ತದೆ. ಕಿನ್ನಾಳದ ಬೊಂಬೆಯಲ್ಲಿ ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟು ಇರುವುದರಿಂದ ಅದು ನೀರು ಕುಡಿದು ಉಬ್ಬುತ್ತದೆ, ಆ ಅಂಟೇ ಬೂಷ್ಟಿಗೆ ಆಹಾರ. ಅದನ್ನು ಹಿಂಡದೆ, ಒತ್ತದೆ, ಬಟ್ಟೆಯ ಸಿಂಬಿಯ ಮೇಲಿಟ್ಟು ಗಾಳಿಯಾಡುವ ನೆರಳಿನಲ್ಲಿ ಕಾಯಬೇಕು. ಉಡುಪುಗಳನ್ನು ಬಿಚ್ಚಿ ಬೇರೆ ಬೇರೆ ಹರಡಬೇಕು, ಇಲ್ಲವಾದರೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತದೆ. ಪೂರ್ತಿ ಒಣಗಿದ ಮೇಲೆ ಬೂಷ್ಟು ಪುಡಿಯಾಗುತ್ತದೆ. ಆಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಕುಳಿತು ಮೃದುವಾದ ಕುಂಚದಿಂದ ತೆಗೆದರೆ ಸಾಕು. ವಸ್ತುಸಂಗ್ರಹಾಲಯಗಳಲ್ಲಿ ಕೀಟನಾಶಕ್ಕಾಗಿ ವಸ್ತುಗಳನ್ನು ಶೈತ್ಯದಲ್ಲಿಡುವ ಕ್ರಮವುಂಟು. ಅಲ್ಲಿ ಕೊಲ್ಲುವುದೇ ಉದ್ದೇಶವಾದುದರಿಂದ ನಮ್ಮ ಮನೆಗಳಿಗೆ ಅದು ಬೇಡವೆಂದು ನನ್ನ ಅಭಿಪ್ರಾಯ. ಒಣಗಿಸಿ, ಬಜೆಬೇರಿನ ಗಂಟಿಟ್ಟು ಹುಳುಗಳನ್ನು ದೂರವಿಡುವ ಹಳೆಯ ಪದ್ಧತಿ ನಮಗೆ ಇದ್ದೇ ಇದೆ.

ಇಷ್ಟೆಲ್ಲ ತಿಳಿದ ನಾನೇ ಆ ದಿನ ಶೆಟ್ಟರ ಹೆಂಡತಿಯ ಮುಖದ ಕೆಸರು ನೋಡಲಾರದೆ ಒದ್ದೆ ಬಟ್ಟೆಯಿಂದ ಉಜ್ಜಿದೆ. ಹಳೆಯ ಮಣ್ಣಿನ ಬೊಂಬೆಗಳ ಬಣ್ಣ ಅಂಟು ಬೆರೆಸಿದ ನೀರಿನ ಬಣ್ಣ. ಕಣ್ಣು, ತುಟಿ, ಮೂಗುತಿ ಎಲ್ಲವೂ ಬಟ್ಟೆಗೆ ಬಂದವು. ಪ್ರವಾಹ ಮಾಡದುದನ್ನು ನನ್ನ ಅವಸರ ಮಾಡಿತು. ನನಗೆ ಯಶೋಧರನ ನೆನಪಾಯಿತು. ಜನ್ನನ ಕಾವ್ಯದಲ್ಲಿ ಅವನು ಬಲಿಗೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ತಾಯಿ-ಮಗ ಇಬ್ಬರೂ ಆ ಸಂಕಲ್ಪದ ಫಲವನ್ನು ಹಲವು ಭವಗಳಲ್ಲಿ ಉಂಡರು. ಪ್ರತಿಕೃತಿಯ ಮುಂದೆ ನಮ್ಮ ಭಾವ ಏನೆಂಬುದು ನಿರ್ಜೀವವಾದ ಸಂಗತಿಯಲ್ಲ ಎಂದಾದರೆ, ಬೊಂಬೆಯನ್ನು ಅಕ್ಕರೆಯಿಂದ ಒರೆಸುವ ಕೈಯಲ್ಲಿರುವುದೆಲ್ಲ ಮೂರ್ಛೆಯೇ ಎನ್ನಲು ನನಗೆ ಧೈರ್ಯವಿಲ್ಲ.

ಮೂರ್ಛೆಯ ಪ್ರಶ್ನೆಯನ್ನು ದೊಡ್ಡಮ್ಮ ತಾವೇ ಬಗೆಹರಿಸಿಕೊಂಡರು. ಪಿಂಗಾಣಿ ಬೊಂಬೆಯನ್ನು ಮಾರಿ ಪಕ್ಕದ ಮನೆಗೆ ರಾಗಿ ಕೊಡಿಸುವುದೆಂದು ನಿಶ್ಚಯವಾಯಿತು. ಪಿಂಗಾಣಿಗೆ ನೀರಿನಿಂದ ಏನೂ ಆಗಿರಲಿಲ್ಲ; ಕೈಕಾಲುಗಳನ್ನು ಹಿಡಿದಿದ್ದ ಒಳಗಿನ ರಬ್ಬರಿನ ಎಳೆ ಮಾತ್ರ ಸಡಿಲಗೊಂಡು ಕೊಕ್ಕೆಗಳು ತುಕ್ಕು ಹಿಡಿದಿದ್ದವು. ಹೊಸ ಎಳೆ ಹಾಕಿಸಿ ಉಡುಪು ತೊಡಿಸಿದರೆ ಯಾರಿಗೂ ತಿಳಿಯದು.

“ಹೇಳಬೇಡಿ ಅಜ್ಜಿ, ಹೆಚ್ಚು ದುಡ್ಡು ಬಂದರೆ ಅವರಿಗೇ ತಾನೆ ಹೆಚ್ಚು ರಾಗಿ?” ಎಂದಳು ಮೊಮ್ಮಗಳು.

ಈ ಮಾತಿಗೆ ನನ್ನಲ್ಲಿ ತಕ್ಷಣದ ಉತ್ತರವಿರಲಿಲ್ಲ. ದಾನಕ್ಕಾಗಿ ಹೇಳುವ ಸುಳ್ಳಿನ ಹೊರೆಯನ್ನು ಕೊಳ್ಳುವವನೇ ಹೊರಬೇಕಾಗುತ್ತದೆ, ಅವನು ಆ ದಾನಕ್ಕೆ ಒಪ್ಪಿಗೆ ಕೊಟ್ಟವನಲ್ಲ ಎಂಬುದು ಆಮೇಲೆ ಹೊಳೆಯಿತು. ದೊಡ್ಡಮ್ಮ ವ್ಯಾಪಾರಿಗೆ ಎಲ್ಲವನ್ನೂ ಹೇಳಿದರು. ಅವನು ಬೆಲೆಯನ್ನು ಅರ್ಧಕ್ಕೆ ಇಳಿಸಿದ. ರಾಗಿಯೂ ಅರ್ಧವೇ ಬಂತು, ಆ ಕೊರತೆ ಪಕ್ಕದ ಮನೆಯವರಿಗೆ ನಿಜವಾದ ಕೊರತೆಯೇ ಆಗಿತ್ತು.

ಶೆಟ್ಟರ ಹೆಂಡತಿಗೆ ಹೊಸ ಮುಖ ಬರೆಸುತ್ತೇನೆಂದು ನಾನು ಮತ್ತೆ ಮತ್ತೆ ಕೇಳಿಕೊಂಡೆ. “ಬರೆಯುವವನಿಗೆ ಆ ಮುಖ ಎಲ್ಲಿ ಗೊತ್ತು?” ಎಂದು ಅವರು ಒಪ್ಪಲಿಲ್ಲ. ಆ ವರ್ಷದ ನವರಾತ್ರಿಯಲ್ಲಿ ಅದು ಹಾಗೆಯೇ ಗಂಡನ ಪಕ್ಕದಲ್ಲಿ, ಅಂಗಡಿಯ ಕಾಳಿನ ರಾಶಿಯ ಹಿಂದೆ ಕುಳಿತಿತ್ತು. ಮುಖ ಏನಾಯಿತೆಂದು ಮಕ್ಕಳು ಕೇಳಿದಾಗಲೆಲ್ಲ ದೊಡ್ಡಮ್ಮ ನನ್ನ ಕಡೆ ಕೈ ತೋರಿಸುತ್ತಿದ್ದರು.