ಈಗ ಎಷ್ಟು ತಗೋತೀರಿ?

ಸಾಫ್ಟ್‌ವೇರ್ ಕೆಲಸದ ಸಂದರ್ಶನದಲ್ಲಿ ಕಠಿಣ ಪ್ರಶ್ನೆ ಅಲ್ಗಾರಿದಮ್ಮಿನದು ಎಂದು ವಿದ್ಯಾರ್ಥಿಗಳು ನಂಬಿದ್ದಾರೆ. ಅದನ್ನು ಆರು ತಿಂಗಳು ಕೂತು ಕಲಿಯಬಹುದು. ಕಲಿತು ಗೆಲ್ಲಲಾಗದ ಪ್ರಶ್ನೆ ಕೊನೆಯ ಸುತ್ತಿನಲ್ಲಿ, ನಗುಮುಖದಲ್ಲಿ ಬರುತ್ತದೆ: ನಿಮ್ಮ ಈಗಿನ ಸಂಬಳ ಎಷ್ಟು?

ನಮ್ಮ ತುಬಚಿಯ ಕಡೆಯ ಹುಡುಗಿಯೊಬ್ಬಳು ಬೆಂಗಳೂರಿನಿಂದ ಫೋನು ಮಾಡಿದ್ದಳು. ಮೂರು ವರ್ಷದ ಹಿಂದೆ ವರ್ಷಕ್ಕೆ ಮೂರೂವರೆ ಲಕ್ಷಕ್ಕೆ ಸೇರಿದವಳು. ಈಗ ಹಣ ಪಾವತಿಯ ತಂತ್ರಾಂಶ ಮಾಡುವ ಕಂಪನಿಗಳಲ್ಲಿ ಅದೇ ಅನುಭವದವರು ಅದರ ನಾಲ್ಕು ಪಟ್ಟು ಪಡೆಯುವುದನ್ನು ಕಂಡಿದ್ದಾಳೆ. "ಖರೇ ಹೇಳಿದ್ರ ಅದರ ಮ್ಯಾಲ ಮೂವತ್ತು ಪರ್ಸೆಂಟ್ ಕೊಡ್ತೀವಿ ಅಂತಾರ್ರೀ. ಸುಳ್ಳ ಹೇಳಿದ್ರ ಪೇಸ್ಲಿಪ್ ಕೇಳ್ತಾರ. ಏನ್ ಮಾಡ್ಲಿ?"

ಆ ಪ್ರಶ್ನೆಯ ಅನ್ಯಾಯ ನನಗೆ ಹೊಳೆದದ್ದು ಕಬ್ಬಿನಿಂದ. ಕೃಷ್ಣೆಯ ದಂಡೆಯ ನಮ್ಮ ಊರುಗಳಲ್ಲಿ ಕಬ್ಬಿನ ದರದ ಜಗಳ ವರ್ಷಾ ಇದ್ದದ್ದೇ. 2025ರ ನವೆಂಬರಿನಲ್ಲಿ ಮುಧೋಳದಲ್ಲಿ ಏನಾಯಿತೆಂದು ಓದುಗರಿಗೆ ಗೊತ್ತು. ಆದರೆ ಜಗಳವಾಡಲು ಅಲ್ಲೊಂದು ಬಹಿರಂಗ ಅಂಕಿ ಇದೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಶೇ 10.25 ಇಳುವರಿಯ ಕಬ್ಬಿಗೆ ಕ್ವಿಂಟಲ್‌ಗೆ 355 ರೂಪಾಯಿ ಎಂದು ಸಾರಿತು. ಅದು ಸಾಲದು ಎನ್ನಬಹುದು, ತೂಕದಲ್ಲಿ ಮೋಸ ಎನ್ನಬಹುದು. ಆದರೂ ಯಾವ ಕಾರ್ಖಾನೆಯೂ ಗಾಡಿ ನಿಲ್ಲಿಸಿ "ನಿನ್ನ ಅಪ್ಪ ಎಷ್ಟಕ್ಕೆ ಮಾರಿದ್ದ?" ಎಂದು ಕೇಳಿ ದರ ಕಟ್ಟುವುದಿಲ್ಲ. ಅಳೆಯುವುದು ಕಬ್ಬನ್ನು. ಸಂದರ್ಶನದಲ್ಲಿ ನಾಲ್ಕು ಸುತ್ತು ಕೆಲಸವನ್ನು ಅಳೆದು, ಐದನೆಯದರಲ್ಲಿ ಆ ಅಳತೆಯನ್ನೆಲ್ಲ ಬದಿಗಿಟ್ಟು, ಈ ಮನುಷ್ಯಳು ಎಷ್ಟಕ್ಕೆ ಒಗ್ಗಿಕೊಂಡಿದ್ದಾಳೆ ಎಂದು ನೋಡುತ್ತಾರೆ. ಮೊದಲ ಕೆಲಸ ಯಾವ ಕಾಲೇಜಿನಿಂದ ಸಿಕ್ಕಿತೋ ಅದರ ನೆರಳು ಹತ್ತು ವರ್ಷ ಬೆನ್ನು ಹತ್ತುತ್ತದೆ. 2016ರಿಂದ ನಡೆಯುತ್ತಿರುವ ಯುಪಿಐಯಲ್ಲಿ ಜಮಖಂಡಿಯ ರೂಪಾಯಿಗೂ ಕೋರಮಂಗಲದ ರೂಪಾಯಿಗೂ ಒಂದೇ ಬೆಲೆ. ಅದರ ಕೋಡು ಬರೆಯುವವರಿಗೆ ಆ ನಿಯಮವಿಲ್ಲ.

ಇದು ಚೌಕಾಶಿ, ಇಬ್ಬರೂ ವಯಸ್ಕರು ಎನ್ನುವವರಿದ್ದಾರೆ. ಒಪ್ಪೋಣ. ಆದರೆ ಒಂದು ಕಡೆಯವರ ಕೈಯಲ್ಲಿ ಸಾವಿರಾರು ಜನರ ಸಂಬಳದ ಪಟ್ಟಿ, ಇನ್ನೊಂದು ಕಡೆ ಒಂದೇ ಪೇಸ್ಲಿಪ್ಪು. ಅದರ ಮೇಲೆ ಸಿಟಿಸಿ ಎಂಬ ಮಾಯೆ ಬೇರೆ: ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಯಿಟಿ, ಬಂದರೆ ಬರುವ ಬೋನಸ್ಸು, ನಾಲ್ಕು ವರ್ಷ ಕಾದು ಕೈಗೆ ಬರುವ ಷೇರುಗಳು ಎಲ್ಲ ಸೇರಿಸಿ ಹೇಳುವ ಮೊತ್ತ.

ಇಂಥ ಮಾತು ಬಂದಾಗ ನಮ್ಮಲ್ಲಿ ಯಾರಾದರೂ ಆಯ್ದಕ್ಕಿ ಲಕ್ಕಮ್ಮನನ್ನು ಕರೆತರುತ್ತಾರೆ. ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದವಳು ಅವಳು. ಆಸೆ ಬೇಡ ಎಂಬ ಪಾಠಕ್ಕೆ ಈ ಕಥೆ ಒದಗುತ್ತದೆ, ನಿಜ. ಆದರೆ ಅಳತೆ ಯಾರದು ನೋಡಿ. ತನ್ನ ಮನೆಗೆ ಇಷ್ಟು ಸಾಕು ಎಂದದ್ದು ಲಕ್ಕಮ್ಮ. ಬಸವಣ್ಣನ ಅಂಗಳದಲ್ಲಿ ಅಂದು ಬೇಕೆಂದೇ ಹೆಚ್ಚು ಅಕ್ಕಿ ಚೆಲ್ಲಿತ್ತು ಎನ್ನುತ್ತದೆ ಕಥೆ. "ಇವರಿಗೆ ಇಷ್ಟೇ ಸಾಕು" ಎಂದು ಕೊಡುವವನು ಮುಷ್ಟಿ ಬಿಗಿ ಮಾಡಿದ ಕಥೆಯಲ್ಲ ಅದು. ಲಕ್ಕಮ್ಮನ ಮಾತು ದುಡಿಯುವವಳ ಬಾಯಲ್ಲಿ ವ್ರತ. ಎಚ್‌ಆರ್ ಬಾಯಲ್ಲಿ ಬೇರೇನೋ ಆಗುತ್ತದೆ.

ಹಾಗೆಂದು ಸುಳ್ಳು ಹೇಳು ಎನ್ನಲು ನನ್ನಿಂದಾಗಲಿಲ್ಲ. ಸಿಕ್ಕಿಬೀಳುವ ಭಯ ಒಂದು ಕಾರಣ. ಇನ್ನೊಬ್ಬರ ಲೆಕ್ಕ ಪೈಸೆ ತಪ್ಪದಂತೆ ಕಾಯುವ ಕೆಲಸಕ್ಕೆ ಅಂಕಿ ತಿದ್ದಿ ಒಳಹೋಗುವುದು ಇನ್ನೊಂದು. ಆದರೆ ಹೇಳದಿರುವುದು ಸುಳ್ಳಲ್ಲ. "ಅದು ಬೇಡ, ಈ ಕೆಲಸಕ್ಕೆ ನನ್ನ ನಿರೀಕ್ಷೆ ಇಷ್ಟು" ಎನ್ನು ಎಂದೆ. ಹಾಗೆಂದಳು. ಒಂದು ಕಂಪನಿ ಮತ್ತೆ ಫೋನೇ ಮಾಡಲಿಲ್ಲ. ಊರಲ್ಲಿ ಕೊಳವೆಬಾವಿಯ ಸಾಲ ಇರುವವಳಿಗೆ ಆ ಮೌನ ಅಗ್ಗದ್ದಲ್ಲ, ಸಲಹೆ ಕೊಟ್ಟ ನನಗೆ ಅದರಲ್ಲಿ ಖರ್ಚೇನೂ ಇರಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಈ ಪ್ರಶ್ನೆ ಕೇಳುವುದೇ ಕಾನೂನುಬಾಹಿರ. ಯುರೋಪಿಯನ್ ಒಕ್ಕೂಟವೂ 2023ರಲ್ಲಿ ಅಂಥದೇ ನಿಯಮ ಮಾಡಿತು. ನಮ್ಮ ಹುಡುಗಿ ಮತ್ತು ಅವಳ ಸಹಪಾಠಿಗಳು ಅಷ್ಟು ಕಾಯಲಿಲ್ಲ. ಎಂಟು ಜನ ಸೇರಿ ಒಂದು ಹಾಳೆಯಲ್ಲಿ ಕೈಗೆ ಬರುವ ಸಂಬಳ, ವರ್ಷ, ಕೆಲಸ ಬರೆದುಕೊಂಡಿದ್ದಾರೆ. ಏಳು ಸಾಲು ತುಂಬಿವೆ. ಎಂಟನೆಯವನು ಹೆಸರು ಬರೆದು ಅಂಕಿಯ ಜಾಗ ಖಾಲಿ ಬಿಟ್ಟಿದ್ದಾನೆ. ಎಲ್ಲರಿಗಿಂತ ಹೆಚ್ಚು ಅವನಿಗೇ ಇರಬೇಕೆಂದು ಉಳಿದವರ ಅನುಮಾನ.